ನೆರೆಹೊರೆಯವರಿಂದ ತಿಳಿದುಬಂದಿರುತ್ತದೆ: ಭದ್ರತಾ ಪರಿಶೀಲನೆ ಮತ್ತು ಮಾನಸಿಕ ಚಿಕಿತ್ಸೆಯ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಪರ ಮುಖ್ಯ ಕಾರ್ಯದರ್ಶಿಯವರು, ಒಳಾಡಳಿತ ಇಲಾಖೆ,
ಹಾಗೂ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಮುಖ್ಯಸ್ಥರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ನೇಮಕಾತಿಯ ಪೂರ್ವಾಪರ ಹಾಗೂ ಭದ್ರತಾ ಪರಿಶೀಲನೆಯಲ್ಲಿ ಅಭ್ಯರ್ಥಿಯು ಪಡೆದ ಮಾನಸಿಕ ಚಿಕಿತ್ಸೆಯನ್ನು ನಮೂದಿಸುವ ರೂಢಿಯನ್ನು ನಿಲ್ಲಿಸುವಂತೆ ಕೋರಿಕೆ.

ಮಾನ್ಯರೇ,

1985ರಲ್ಲಿ ಕಾನ್ಸ್‌ಟೇಬಲ್ ಆಗಿ ಸೇರಿ 2022ರಲ್ಲಿ ಎಎಸ್‌ಐ ಆಗಿ ನಿವೃತ್ತನಾಗುವವರೆಗಿನ 37 ವರ್ಷಗಳಲ್ಲಿ ನಾನು ಎಷ್ಟು ಜನರ ಪೂರ್ವಾಪರ ವರದಿ ಬರೆದಿದ್ದೇನೆ ಎಂಬ ಲೆಕ್ಕ ಇಟ್ಟಿಲ್ಲ, ನೂರಾರು ಇರಬೇಕು. ಪಾಸ್‌ಪೋರ್ಟಿಗೆ, ಬಂದೂಕಿನ ಪರವಾನಗಿಗೆ, ಸರ್ಕಾರಿ ನೌಕರಿಗೆ, ಗಣಿಯಲ್ಲಿ ಸಿಡಿಮದ್ದು ಇಡುವವರ ಪರವಾನಗಿಗೆ ಎಂದು ಬಗೆಬಗೆಯ ಕಾಗದಗಳು ಎಸ್ಪಿ ಕಚೇರಿಯಿಂದ ಟಪಾಲಿನಲ್ಲಿ ಬಳ್ಳಾರಿ ಜಿಲ್ಲೆಯ ನಮ್ಮ ಠಾಣೆಗಳಿಗೆ ಬರುತ್ತಿದ್ದವು. ಬೀಟಿನ ಸಿಬ್ಬಂದಿಯಾದ ನಾವು ಆ ವಿಳಾಸಕ್ಕೆ ಹೋಗಿ, ಅಭ್ಯರ್ಥಿಯನ್ನು ಕಂಡು, ಓಣಿಯಲ್ಲಿ ಇಬ್ಬರು ಮೂವರನ್ನು ವಿಚಾರಿಸಿ, ಠಾಣೆಯ ರಿಜಿಸ್ಟರ್ ತಿರುವಿ, 'ಸದರಿಯವರ ಮೇಲೆ ಯಾವುದೇ ಪ್ರಕರಣ ದಾಖಲಾಗಿರುವುದಿಲ್ಲ, ನಡತೆ ಉತ್ತಮವಾಗಿರುತ್ತದೆ' ಎಂದು ಬರೆದು ಮೇಲಕ್ಕೆ ಕಳಿಸುತ್ತಿದ್ದೆವು. ನಮ್ಮ ಭಾಷೆಯಲ್ಲಿ ಇದು 'ವೆರಿಫಿಕೇಶನ್ನಿಗೆ ಹೋಗುವುದು'. ದೊಡ್ಡ ದೊಡ್ಡ ಭದ್ರತಾ ಅನುಮತಿಗಳೆಲ್ಲ ಕೊನೆಗೆ ನಿಂತಿರುವುದು ಒಬ್ಬ ಕಾನ್ಸ್‌ಟೇಬಲ್ ಒಂದು ಮಧ್ಯಾಹ್ನ ಓಣಿಯಲ್ಲಿ ಕೇಳಿಸಿಕೊಂಡು ಬಂದ ಮಾತಿನ ಮೇಲೆ ಎಂಬುದನ್ನು ತಾವು ಮೊದಲು ಗಮನಿಸಬೇಕೆಂದು ಕೋರುತ್ತೇನೆ.

2009ರ ಬೇಸಿಗೆಯಲ್ಲಿ ನಾನು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಗೆ ಇಂಥದೇ ಕೆಲಸಕ್ಕೆ ಹೋಗಿದ್ದೆ. ಐಟಿಐ ಮುಗಿಸಿದ್ದ ಒಬ್ಬ ಯುವಕ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ಎಲೆಕ್ಟ್ರಿಷಿಯನ್ ಹುದ್ದೆಗೆ ಆಯ್ಕೆಯಾಗಿದ್ದ. ಸೂಕ್ಷ್ಮ ಜಾಗವಾದ್ದರಿಂದ ಪರಿಶೀಲನೆ ಬಿಗಿಯಾಗಿರಲಿ ಎಂದು ಮೇಲಿನವರು ಹೇಳಿ ಕಳಿಸಿದ್ದರು. ಅವರ ಮನೆಯ ಎದುರಿಗಿದ್ದ ಕಿರಾಣಿ ಅಂಗಡಿಯವರು, 'ಹುಡುಗ ಬಂಗಾರದಂಥವ ಸಾರ್, ಅವರಪ್ಪ ತೀರಿಕೊಂಡಾಗ ಮಾತ್ರ ಒಂದಿಷ್ಟು ದಿನ ತಲಿ ಕೆಟ್ಟಿತ್ತು, ದವಾಖಾನಿಗೆ ತೋರಿಸಿದ್ರು' ಎಂದರು. ಹೊಗಳುವ ಭರದಲ್ಲಿ ಬಂದ ಮಾತು ಅದು. ಬಾಗಿಲಲ್ಲಿ ನಿಂತಿದ್ದ ತಾಯಿಗೆ ಅದು ಕೇಳಿಸಿತು. ನನ್ನ ಕೈಗೆ ಚಹಾ ಕೊಡುತ್ತ, 'ಯಪ್ಪಾ, ಈಗ ಆರಾಮ ಅದಾನ್ರಿ, ಅದೊಂದು ಬರೀಬ್ಯಾಡ್ರಿ' ಎಂದರು. ಚಹಾ ಕುಡಿದೆ. ಠಾಣೆಗೆ ಬಂದು ಬರೆದೆ: 'ಸದರಿಯವರು ಈ ಹಿಂದೆ ಮಾನಸಿಕ ಅಸ್ವಸ್ಥತೆಯಿಂದ ಬಳಲಿ ಚಿಕಿತ್ಸೆ ಪಡೆದಿರುತ್ತಾರೆಂದು ನೆರೆಹೊರೆಯವರಿಂದ ತಿಳಿದುಬಂದಿರುತ್ತದೆ. ತಮ್ಮ ಅವಗಾಹನೆಗೆ ತರಲಾಗಿದೆ.'

ಆ ನಮೂನೆಯಲ್ಲಿ ಇದನ್ನು ಬರೆಯಲು ಒಂದು ಕಾಲಂ ಕೂಡ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಬಿಗಿಯಾದ ಪರಿಶೀಲನೆ ಎಂದರೆ ಕಿವಿಗೆ ಬಿದ್ದದ್ದನ್ನೆಲ್ಲ ಬರೆಯುವುದು ಎಂದು ನಾನು ನಂಬಿದ್ದೆ. ಕಾಯಿಲೆ ಯಾವುದು, ಎಷ್ಟು ದಿನ ಇತ್ತು, ಯಾವ ವೈದ್ಯರು ನೋಡಿದರು, ಗುಣವಾಗಿ ಎಷ್ಟು ವರ್ಷವಾಯಿತು ಎಂಬ ಒಂದು ಪ್ರಶ್ನೆಯನ್ನೂ ನಾನು ಆ ಯುವಕನಿಗೆ ಕೇಳಲಿಲ್ಲ. ಕೇಳಿದ್ದರೂ ಉತ್ತರವನ್ನು ತೂಗಿ ನೋಡುವ ವಿದ್ಯೆ ನನ್ನಲ್ಲಿರಲಿಲ್ಲ. ಕೆಲವು ತಿಂಗಳ ನಂತರ 'ತಮ್ಮನ್ನು ನೇಮಕಾತಿಗೆ ಪರಿಗಣಿಸಲಾಗಿಲ್ಲ' ಎಂಬ ಒಂದು ಸಾಲಿನ ಪತ್ರ ಆತನಿಗೆ ಬಂತು. ಕಾರಣ ತಿಳಿಸಿರಲಿಲ್ಲ. ನನ್ನ ಎರಡು ಸಾಲುಗಳಿಂದಲೇ ಹಾಗಾಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಪ್ರಕರಣವಿಲ್ಲದ, ಸಾಲವಿಲ್ಲದ, ಪರೀಕ್ಷೆಯಲ್ಲಿ ಮೇಲಿನ ಅಂಕ ಪಡೆದ ಆ ಹುಡುಗನ ಕಡತದಲ್ಲಿ ಅವನ್ನು ಬಿಟ್ಟರೆ ಬೇರೆ ಕಪ್ಪು ಗುರುತು ಇರಲಿಲ್ಲ.

ಏಳೆಂಟು ವರ್ಷಗಳ ಬಳಿಕ ನಮ್ಮ ಹೊಲದ ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋದಾಗ ಅದನ್ನು ರಿವೈಂಡಿಂಗ್ ಮಾಡಿಸಲು ಒಯ್ದ ಅಂಗಡಿ ಆತನದೇ ಆಗಿತ್ತು. ಸುಟ್ಟ ತಂತಿಯನ್ನು ಕಿತ್ತು, ಸ್ಲಾಟುಗಳನ್ನು ಉಜ್ಜಿ, ಹೊಸ ಇನ್ಸುಲೇಷನ್ ಕಾಗದ ತೊಡಿಸಿ, ತಾಮ್ರದ ತಂತಿಯನ್ನು ಅಚ್ಚಿನ ಮೇಲೆ ಸುತ್ತತೊಡಗಿದ. ಸುತ್ತುಗಳ ಎಣಿಕೆ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಯಾರಾದರೂ ಗಿರಾಕಿ ಕರೆದರೆ ಆತ ತಲೆಯೆತ್ತದೆ, ಎಡಗೈಯಲ್ಲಿ ಸೀಮೆಸುಣ್ಣದಿಂದ ಗೋಡೆಯ ಮೇಲೆ ಅಂಕಿ ಬರೆದು, ಆಮೇಲೆ ಮಾತಾಡಿ, ಮತ್ತೆ ಆ ಅಂಕಿಯಿಂದಲೇ ಮುಂದುವರಿಸುತ್ತಿದ್ದ. ಗೋಡೆಯ ತುಂಬ ಅಂಥ ಅಂಕಿಗಳಿದ್ದವು. ಮೂರು ಗಂಟೆ ಆ ಬೆಂಚಿನ ಮೇಲೆ ಕುಳಿತ ನನಗೆ, ನಂಬಿಕೆಗೆ ಅರ್ಹನಲ್ಲ ಎಂದು ನಾನು ಸೂಚಿಸಿದ್ದು ಈ ಕೈಗಳನ್ನೇ ಎಂಬುದು ಗಂಟಲಲ್ಲಿ ಸಿಕ್ಕಿಕೊಂಡಿತು. ಅಂದು ಹೇಳುವ ಧೈರ್ಯವಾಗಲಿಲ್ಲ. ಈ ಪತ್ರ ಬರೆಯುವ ಮೊದಲು ಹೋಗಿ ಹೇಳಿದೆ. 'ಗೊತ್ತಿತ್ತು ಸಾರ್' ಎಂದಷ್ಟೇ ಅಂದು, ತನ್ನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹಾಕಬಾರದೆಂಬ ಷರತ್ತಿನ ಮೇಲೆ ಬರೆಯಲು ಒಪ್ಪಿದ.

ಹಳೆಯ ಸಂಗತಿಯನ್ನು ಈಗ ಎತ್ತಿರುವುದಕ್ಕೆ ಕಾರಣ ನನ್ನ ತಂಗಿಯ ಮಗಳು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮೂರು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದ ಆಕೆಗೆ ಕಳೆದ ವರ್ಷ ನಿದ್ದೆ ಹೋಯಿತು, ಊಟ ಸೇರದಾಯಿತು, ಪುಸ್ತಕ ಹಿಡಿದರೆ ಎದೆ ಹೊಡೆದುಕೊಳ್ಳತೊಡಗಿತು. ನಮ್ಮ ಮನೆಯಿಂದ ಆಟೋ ಹತ್ತಿದರೆ ಕಾಲು ಗಂಟೆಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅಲ್ಲಿ ಮನೋರೋಗ ವಿಭಾಗವಿದೆ, ಚಿಕಿತ್ಸೆಗೆ ಹೆಚ್ಚು ಖರ್ಚೂ ಇಲ್ಲ. ಆದರೂ, 'ಮಾಮಾ, ಇಲ್ಲಿ ಚೀಟಿ ಮಾಡಿಸಿದ್ರ ನಾಳೆ ವೆರಿಫಿಕೇಶನ್ನಿಗೆ ಬಂದವ್ರಿಗೆ ಗೊತ್ತಾಗ್ತೈತಿ. ಓಣ್ಯಾಗ ಕೇಳ್ತಾರಂತ ನೀವ ಹೇಳಿದ್ರಲ್ಲ' ಎಂದಳು. 2022ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರ ನಡೆಸುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲೂ ಅಂಜಿದಳು, ಮೊಬೈಲ್ ನಂಬರು ಎಲ್ಲಾದರೂ ದಾಖಲಾದೀತೆಂದು. ಕೊನೆಗೆ ಆಕೆಯನ್ನು ಬಸ್ಸಿನಲ್ಲಿ ಆಂಧ್ರದ ಅನಂತಪುರಕ್ಕೆ ಕರೆದೊಯ್ದು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ತೋರಿಸಿದೆವು. ಚೀಟಿಯಲ್ಲಿ ವಯಸ್ಸು ಆಕೆಯದು, ಹೆಸರು ಆಕೆಯ ತಾಯಿಯದು.

ಈಗ ಆಕೆ ಚೆನ್ನಾಗಿದ್ದಾಳೆ, ನಿದ್ದೆ ಮಾಡುತ್ತಾಳೆ, ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂದಿದೆ. ರಹಸ್ಯ ಕಡತಗಳನ್ನು ನೋಡಬೇಕಾದ ಹುದ್ದೆ ಅದು. ಆದರೆ ಆಕೆ ತೆಗೆದುಕೊಂಡ ಔಷಧಿಯ ದಾಖಲೆ ಬೇರೊಬ್ಬರ ಹೆಸರಿನಲ್ಲಿದೆ. ನಾಳೆ ಮತ್ತೆ ಕಾಯಿಲೆ ಮರುಕಳಿಸಿದರೆ ನೋಡುವ ವೈದ್ಯರಿಗೆ ಹಿಂದೆ ಯಾವ ಗುಳಿಗೆ ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ತಿಳಿಯುವ ದಾರಿಯಿಲ್ಲ. ಕಾನೂನಿಗೆ ಬದ್ಧವಾಗಿ ಬದುಕಿದ ಒಂದು ಪೊಲೀಸ್ ಮನೆತನವೇ ಸುಳ್ಳು ಹೆಸರು ಬರೆಸುವಂತಾಗಿದೆ ಎಂದರೆ, ಲಿಂಗಸುಗೂರಿನ, ಕುಷ್ಟಗಿಯ, ಸಂಡೂರಿನ ಹಳ್ಳಿಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಓದುತ್ತಿರುವ ಮಕ್ಕಳು ಏನು ಮಾಡುತ್ತಿರಬಹುದೆಂದು ತಾವೇ ಊಹಿಸಬಹುದು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಟ್ಟ ಮೀಸಲಾತಿಯಿಂದ ಬಾಗಿಲು ತೆರೆದಿದೆಯೆಂದು ನಂಬಿ ಓದುತ್ತಿರುವವರು ಅವರು. ಎದೆ ಬಡಿತವನ್ನು ಹೇಳಿಕೊಂಡರೆ ಅದೇ ಬಾಗಿಲು ಮುಚ್ಚುತ್ತದೆಯೆಂಬ ಭಯ ಅವರಲ್ಲಿದೆ.

ನಾನು ಬರೆದದ್ದು ತಪ್ಪೆಂದು ನನಗೆ ಖಚಿತವಾಗಿ ತಿಳಿದದ್ದು ಆಕೆಯ ಟಿಪ್ಪಣಿಗಳಲ್ಲಿದ್ದ ಕಾನೂನುಗಳನ್ನು ಓದಿದ ಮೇಲೆ. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 3ನೆಯ ಕಲಂ ಈ ವಿಷಯವನ್ನು ನೇರವಾಗಿ ಮುಟ್ಟುತ್ತದೆ. ಹಿಂದೆ ಚಿಕಿತ್ಸೆ ಪಡೆದದ್ದು ಅಥವಾ ಆಸ್ಪತ್ರೆಯಲ್ಲಿ ದಾಖಲಾದದ್ದು ಪರಿಗಣಿಸಬಹುದಾದ ಸಂಗತಿಯೇ ಆದರೂ, ಅದೊಂದರ ಮೇಲೆಯೇ ವ್ಯಕ್ತಿಗೆ ಇಂದಾಗಲಿ ಮುಂದಾಗಲಿ ಮಾನಸಿಕ ಕಾಯಿಲೆ ಇದೆಯೆಂದು ನಿರ್ಧರಿಸುವಂತಿಲ್ಲ ಎಂದು ಅದರ 4ನೆಯ ಉಪಕಲಂ ಹೇಳುತ್ತದೆ. ಕಾಯಿಲೆ ಇದೆಯೆಂದು ನಿರ್ಧಾರವಾದರೂ, ಸಕ್ಷಮ ನ್ಯಾಯಾಲಯ ಘೋಷಿಸದ ಹೊರತು ಆ ವ್ಯಕ್ತಿ ಬುದ್ಧಿಸ್ವಾಧೀನವಿಲ್ಲದವನೆಂದು ಅರ್ಥೈಸುವಂತಿಲ್ಲ ಎಂದು 5ನೆಯ ಉಪಕಲಂ ಹೇಳುತ್ತದೆ. ಕಾಯಿಲೆಯ ನಿರ್ಧಾರ ಮನ್ನಣೆ ಪಡೆದ ವೈದ್ಯಕೀಯ ಮಾನದಂಡಗಳಂತೆ ಆಗಬೇಕೆಂಬುದು ಅದೇ ಕಲಮಿನ ಮೊದಲ ಮಾತು. ಕಿರಾಣಿ ಅಂಗಡಿಯ ಕಟ್ಟೆ ಆ ಮಾನದಂಡವಾಗಲಾರದು.

ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರುವುದು ರೋಗಿಯ ಹಕ್ಕೆಂದು 23ನೆಯ ಕಲಂ ಹೇಳುತ್ತದೆ. ಆ ಹಕ್ಕಿಗೆ ಕೆಲವು ವಿನಾಯಿತಿಗಳಿವೆ, ಸಾರ್ವಜನಿಕ ಸುರಕ್ಷತೆ ಮತ್ತು ಭದ್ರತೆಯ ಹಿತ ಎಂಬುದೂ ಅವುಗಳಲ್ಲೊಂದು. ಇದನ್ನು ಮುಚ್ಚಿಟ್ಟು ವಾದಿಸಿದರೆ ತಮ್ಮ ಕಾನೂನು ಶಾಖೆಯವರು ನಾಳೆಯೇ ನನ್ನ ಪತ್ರವನ್ನು ಬದಿಗಿಡುತ್ತಾರೆ. ಆದರೆ ಆ ವಿನಾಯಿತಿ ಇರುವುದು ಚಿಕಿತ್ಸೆ ನೀಡುವ ವೈದ್ಯರು ಮಾಹಿತಿ ಬಿಟ್ಟುಕೊಡುವ ಸಂದರ್ಭಕ್ಕೆ. ಒಬ್ಬ ತಾಯಿ ಬೇಡವೆಂದದ್ದನ್ನು ನೆರೆಯವರ ಬಾಯಿಂದ ಸಂಗ್ರಹಿಸಿ ಶಾಶ್ವತ ಕಡತಕ್ಕೆ ಸೇರಿಸುವ ಅಧಿಕಾರವನ್ನು ಅದು ಇಂದಿನ ಯಾವ ಕಾನ್ಸ್‌ಟೇಬಲ್‌ಗೂ ಕೊಡುವುದಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಮಾನಸಿಕ ಕಾಯಿಲೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ, ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂದು ಅದರ 20ನೆಯ ಕಲಂ ಸರ್ಕಾರಿ ಸಂಸ್ಥೆಗಳಿಗೆ ಕಟ್ಟಪ್ಪಣೆ ಮಾಡಿದೆ. ಕೆಲವು ಸಂಸ್ಥೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ನೀಡುವ ಅಧಿಕಾರವನ್ನೂ ಉಳಿಸಿಕೊಂಡಿದೆ. ಹಾಗಿದ್ದೂ ಸಶಸ್ತ್ರ ಪಡೆಯ ಪ್ರಕರಣವೊಂದರಲ್ಲೇ ಸರ್ವೋಚ್ಚ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಖಿನ್ನತೆ ಮತ್ತು ಗೀಳು ರೋಗದಿಂದ ಬಳಲುತ್ತಿದ್ದ ಕೇಂದ್ರ ಮೀಸಲು ಪೊಲೀಸ್ ಪಡೆಯ ಸಹಾಯಕ ಕಮಾಂಡೆಂಟ್ ಒಬ್ಬರ ಮೇಲಿನ ಶಿಸ್ತುಕ್ರಮದ ಪ್ರಶ್ನೆ ಅದು. ಶಿಸ್ತುಕ್ರಮಕ್ಕೆ ಗುರಿಯಾದ ವರ್ತನೆಯ ಹಿಂದಿನ ಕಾರಣಗಳಲ್ಲಿ ಕಾಯಿಲೆಯೂ ಒಂದಾಗಿದ್ದರೆ ಸಾಕು, ಕಾನೂನಿನ ರಕ್ಷಣೆ ದೊರೆಯುತ್ತದೆ ಎಂದು ನ್ಯಾಯಾಲಯ ಹೇಳಿತು, ಬಂದೂಕು ಬೇಡದ ಬೇರೆ ಹುದ್ದೆಯನ್ನು ಕೊಡುವ ದಾರಿಯನ್ನೂ ತೆರೆದಿಟ್ಟಿತು. ಕೆಲಸದ ಸ್ವರೂಪ ನೋಡಿ, ಮನುಷ್ಯನನ್ನು ನೋಡಿ, ಎರಡನ್ನೂ ಹೊಂದಿಸುವ ಈ ಬಗೆ ನೇಮಕಾತಿಯ ಹಂತದಲ್ಲೂ ಬರಬೇಕು.

ಇನ್ನೊಂದು ಹೋಲಿಕೆ ನನ್ನನ್ನು ಬಿಡದೆ ಕಾಡುತ್ತದೆ. ನೇಮಕಾತಿಗೆ ಮುನ್ನ ತುಂಬಿಕೊಡುವ ದೃಢೀಕರಣ ನಮೂನೆಯಲ್ಲಿ ಕ್ರಿಮಿನಲ್ ಪ್ರಕರಣವನ್ನು ಮುಚ್ಚಿಟ್ಟವರ ವಿಷಯದಲ್ಲಿ ಕೂಡ, 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ಪ್ರಕರಣದ ಸ್ವರೂಪ, ಆಗಿನ ವಯಸ್ಸು, ಈಗಿನ ಹುದ್ದೆ ಎಲ್ಲವನ್ನೂ ನೋಡಿ ವಿವೇಚನೆಯಿಂದ ನಿರ್ಧರಿಸಬೇಕೆಂದು ಹೇಳಿದೆ, ಕ್ಷುಲ್ಲಕ ಪ್ರಕರಣಗಳನ್ನು ಮನ್ನಿಸುವ ಅವಕಾಶವನ್ನೂ ಇಟ್ಟಿದೆ. ಕಲ್ಲು ತೂರಿದ ಹುಡುಗನಿಗೆ ಸಿಗುವ ವಿವೇಚನೆ, ಅಪ್ಪ ಸತ್ತ ದುಃಖಕ್ಕೆ ಮೂರು ತಿಂಗಳು ಗುಳಿಗೆ ನುಂಗಿದ ಹುಡುಗನಿಗೆ ಸಿಗದಿರುವುದು ಯಾವ ನ್ಯಾಯ?

ಹೊರಗಿನ ದೇಶದ ಉದಾಹರಣೆಯೊಂದನ್ನು ಇಲ್ಲಿ ಹೇಳಬೇಕು, ಏಕೆಂದರೆ ಭದ್ರತೆಯ ಹೆಸರಿನಲ್ಲಿ ಯಾವ ಸಡಿಲಿಕೆಯೂ ಸಾಧ್ಯವಿಲ್ಲ ಎಂಬ ಉತ್ತರ ಬರಬಹುದೆಂದು ನಾನು ಬಲ್ಲೆ. ಅಮೆರಿಕದಲ್ಲಿ ರಹಸ್ಯ ಮಾಹಿತಿ ನೋಡುವ ಅನುಮತಿಗೆ ಎಸ್‌ಎಫ್-86 ಎಂಬ ದೊಡ್ಡ ನಮೂನೆ ತುಂಬಬೇಕು. ಅದರ 21ನೆಯ ಪ್ರಶ್ನೆ ಮಾನಸಿಕ ಆರೋಗ್ಯದ್ದು. ಮೊದಲು ಅದು, ಕಳೆದ 7 ವರ್ಷಗಳಲ್ಲಿ ಮನೋವೈದ್ಯರನ್ನು ಕಂಡಿದ್ದೀರಾ ಎಂದೇ ವಿಚಾರಿಸುತ್ತಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರು ಈ ಪ್ರಶ್ನೆಗೆ ಹೆದರಿ ಚಿಕಿತ್ಸೆಯಿಂದ ದೂರ ಉಳಿಯುತ್ತಿದ್ದುದರಿಂದ, ಯುದ್ಧದ ಅನುಭವದಿಂದ ಬೇಕಾದ ಸಮಾಲೋಚನೆಯನ್ನು ನಮೂದಿಸಬೇಕಿಲ್ಲ ಎಂದು 2008ರಲ್ಲಿ ಅಲ್ಲಿನ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಪ್ರಕಟಿಸಿದರು. 2016ರ ಕೊನೆಗೆ ಪ್ರಶ್ನೆಯನ್ನೇ ಹೊಸದಾಗಿ ಬರೆದರು. ಈಗ ಅದು ಕೇಳುವುದು ನ್ಯಾಯಾಲಯದ ಆದೇಶ, ಆಸ್ಪತ್ರೆಯಲ್ಲಿ ದಾಖಲಾತಿ, ಸ್ಕಿಜೋಫ್ರೇನಿಯಾ ಹಾಗೂ ಬೈಪೋಲಾರ್‌ನಂಥ ಹೆಸರಿಸಿದ ಕೆಲವು ಕಾಯಿಲೆಗಳು, ಹಾಗೂ ವಿವೇಚನೆ, ವಿಶ್ವಾಸಾರ್ಹತೆಗೆ ದೊಡ್ಡ ಪ್ರಮಾಣದಲ್ಲಿ ಧಕ್ಕೆ ತರುವ ಸ್ಥಿತಿ ಇದೆಯೇ ಎಂಬುದನ್ನು.

ಉತ್ತರ 'ಹೌದು' ಎಂದಾದರೂ ಅಲ್ಲಿಗೇ ಮುಗಿಯುವುದಿಲ್ಲ. 2017ರ ಜೂನ್‌ನಿಂದ ಜಾರಿಯಲ್ಲಿರುವ ಅಂಥ ಅನುಮತಿ ಕೊಡುವ ಬಗೆಗಿನ 13 ಮಾರ್ಗಸೂಚಿಗಳಲ್ಲಿ ಒಂದು ಮಾನಸಿಕ ಸ್ಥಿತಿಗೆ ಸಂಬಂಧಿಸಿದ್ದು. ಸಮಾಲೋಚನೆ ಪಡೆದರೆಂಬ ಕಾರಣ ಮಾತ್ರಕ್ಕೆ ಯಾವ ಪ್ರತಿಕೂಲ ತೀರ್ಮಾನಕ್ಕೂ ಬರಬಾರದು ಎಂದು ಅದರಲ್ಲಿ ಬರೆದಿದೆ. ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆಯಾಗಿದ್ದು ವ್ಯಕ್ತಿ ಅದನ್ನು ತಪ್ಪದೆ ಪಡೆಯುತ್ತಿದ್ದರೆ, ಅಥವಾ ಬಂದದ್ದು ತಾತ್ಕಾಲಿಕವಾಗಿದ್ದು ಈಗ ವಾಸಿಯಾಗಿದ್ದರೆ, ಅಥವಾ ಅರ್ಹ ತಜ್ಞರು ಈಗ ಹತೋಟಿಯಲ್ಲಿದೆಯೆಂದು ಅಭಿಪ್ರಾಯಪಟ್ಟರೆ, ಅವೆಲ್ಲ ಅಭ್ಯರ್ಥಿಯ ಪರವಾಗಿ ಲೆಕ್ಕಕ್ಕೆ ಬರುತ್ತವೆ. ಸೂಚಿಸಿದ ಚಿಕಿತ್ಸೆಯನ್ನು ಬಿಟ್ಟುಬಿಡುವುದು ಅಲ್ಲಿ ಅನುಮಾನಕ್ಕೆ ಕಾರಣ. ನಮ್ಮಲ್ಲಿ ಚಿಕಿತ್ಸೆಗೆ ಹೋಗುವುದೇ ಅನುಮಾನಕ್ಕೆ ಕಾರಣವಾಗಿದೆ. ಅಲ್ಲಿನ ರಕ್ಷಣಾ ಇಲಾಖೆ 2012ರಿಂದ 2020ರವರೆಗೆ ತೀರ್ಮಾನಿಸಿದ ಸುಮಾರು 54 ಲಕ್ಷ ಕಡತಗಳ ಪೈಕಿ ಸುಮಾರು 97 ಸಾವಿರದಲ್ಲಿ ಮಾನಸಿಕ ಆರೋಗ್ಯದ ವಿಷಯ ಬಂದಿತ್ತು. ಆ ಕಾರಣವೊಂದರಿಂದಲೇ ಅನುಮತಿ ತಪ್ಪಿದ್ದು 62 ಜನರಿಗೆ. ಈ ಅಂಕಿಯನ್ನು ಅವರೇ ಊರೂರಿಗೆ ಸಾರುತ್ತಾರೆ, ತಮ್ಮ ನೌಕರರು ಹೆದರದೆ ವೈದ್ಯರ ಬಳಿ ಹೋಗಲಿ ಎಂದು.

ನಮ್ಮಲ್ಲಿ ಇಂಥ ಮಾನದಂಡಗಳು ಅಭ್ಯರ್ಥಿಯ ಕೈಗೆ ಸಿಗುವಂತೆ ಮುದ್ರಣವಾಗಿಲ್ಲ. ಕೇಂದ್ರ ನಾಗರಿಕ ಸೇವೆಗಳ ಅಭ್ಯರ್ಥಿಗಳು ವೈದ್ಯಕೀಯ ಮಂಡಳಿಯ ಮುಂದೆ ಬರೆದುಕೊಡುವ ಹೇಳಿಕೆಯಲ್ಲಿ, ಅತಿಯಾದ ದುಡಿಮೆಯಿಂದಲೋ ಬೇರೆ ಕಾರಣದಿಂದಲೋ ನರಗಳ ಅಧೀರತೆ ಉಂಟಾಗಿತ್ತೇ, ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದರೂ ಹುಚ್ಚು ಬಂದಿತ್ತೇ ಎಂಬ ಅರ್ಥದ ಪ್ರಶ್ನೆಗಳು ಬಹುಕಾಲದಿಂದ ನಡೆದುಬಂದಿವೆ. ವರ್ಷಗಟ್ಟಲೆ ರಾತ್ರಿ ಎರಡರವರೆಗೆ ಓದಿದ ಯಾವ ಮಗು ಮೊದಲನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಇಲ್ಲ ಎನ್ನಬಲ್ಲದು? ಮತ್ತು ಚಿಕ್ಕಪ್ಪನ ಕಾಯಿಲೆಗೆ ಆ ಮಗು ಹೇಗೆ ಹೊಣೆ?

ಇನ್ನೊಂದು ಮಾತನ್ನು ಬಳ್ಳಾರಿಯವನಾಗಿ ಹೇಳಲೇಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಜಾರಿಯಲ್ಲಿದ್ದದ್ದು 1912ರ ಕಾಯಿದೆ, ಅದರ ಹೆಸರಿನಲ್ಲೇ 'ಹುಚ್ಚು' ಇತ್ತು. ಬೀದಿಯಲ್ಲಿ ಅಲೆಯುವವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಆದೇಶ ಪಡೆದು, ರೈಲಿನಲ್ಲಿ ಧಾರವಾಡದ ಆಸ್ಪತ್ರೆಗೆ ಬಿಟ್ಟು ಬರುವುದು ನಮ್ಮ ಕೆಲಸವಾಗಿತ್ತು. ಅದೇ ದಿನಗಳಲ್ಲಿ, 1980ರ ದಶಕದ ನಡುವಿನಿಂದ, ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು, ಬೇಕಾದ ಕೆಲವೇ ಔಷಧಿಗಳು ಅಲ್ಲೇ ಸಿಗುವಂತೆ ಮಾಡಿದರು, ತಿಂಗಳ ವರದಿ ತರಿಸಿಕೊಂಡರು. ಜ್ವರಕ್ಕೆ ಚೀಟಿ ಮಾಡಿಸುವ ಕಿಟಕಿಯಲ್ಲೇ ಮನಸ್ಸಿನ ಕಾಯಿಲೆಗೂ ಚೀಟಿ ಮಾಡಿಸಬಹುದೆಂದು ಈ ಜಿಲ್ಲೆ ತೋರಿಸಿಕೊಟ್ಟಿತು. 'ಬಳ್ಳಾರಿ ಮಾದರಿ' ಎಂಬ ಹೆಸರಿನಿಂದಲೇ ಅದು ದೇಶಕ್ಕೆ ಪರಿಚಯವಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಅದೇ ಬಳ್ಳಾರಿಯ ಹುಡುಗಿ ಇಂದು ಗಡಿ ದಾಟಿ ಬೇರೆ ಹೆಸರಿನಲ್ಲಿ ಚೀಟಿ ಮಾಡಿಸುತ್ತಿದ್ದಾಳೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರ ಸುಳಿದಿಲ್ಲ. ಆರೋಗ್ಯ ಇಲಾಖೆ ಮನೋಚೈತನ್ಯ ಎಂದು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ತಜ್ಞರನ್ನು ಕಳಿಸಿ ಜನರನ್ನು ಚಿಕಿತ್ಸೆಗೆ ಕರೆಯುತ್ತದೆ. ತಮ್ಮ ಇಲಾಖೆಯ ಒಂದು ಸಾಲು ಅವರನ್ನು ಹಿಂದಕ್ಕೆ ತಳ್ಳುತ್ತದೆ.

ಎಲ್ಲ ಕಾಯಿಲೆಯೂ ಎಲ್ಲ ಹುದ್ದೆಗೂ ಒಗ್ಗುತ್ತದೆ ಎಂದು ನಾನು ವಾದಿಸುತ್ತಿಲ್ಲ. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸುತ್ತಿದ್ದು, ಗುಳಿಗೆಯನ್ನೂ ಬಿಟ್ಟಿರುವವರ ಕೈಗೆ ಬಂದೂಕು ಕೊಡಬಾರದು, ಸಿಡಿಮದ್ದಿನ ಉಗ್ರಾಣದ ಕೀಲಿಯನ್ನೂ ಕೊಡಬಾರದು. ತುಂಗಭದ್ರಾ ಜಲಾಶಯದ ಗೇಟುಗಳ ಬಳಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕೂರುವವರು ಎಚ್ಚರದ ಮನುಷ್ಯರಾಗಿರಬೇಕು. ಆದರೆ ಆ ಎಚ್ಚರವನ್ನು ಈಗಿನ ಪದ್ಧತಿ ಖಾತ್ರಿಪಡಿಸುತ್ತದೆಯೇ? ತೊಂಬತ್ತರ ದಶಕದಲ್ಲಿ ನನ್ನ ಜೊತೆಗೆ ಸಶಸ್ತ್ರ ಪಹರೆಗಿದ್ದ ಒಬ್ಬ ಗೆಳೆಯನನ್ನು ನೆನೆಯುತ್ತೇನೆ. ರಾತ್ರಿ ಎರಡು ಗಂಟೆಗೆ ಪಾಳಿ ಬದಲಿಸಲು ಹೋದಾಗ, ತ್ರೀ ನಾಟ್ ತ್ರೀ ರೈಫಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಲ್ಲಿ ತಲೆ ಹಿಡಿದು ಕುಳಿತಿದ್ದ. 'ನಿದ್ದಿ ಬಂದು ಎಷ್ಟು ದಿನ ಆತು?' ಎಂದು ಕೇಳಿದೆ. 'ಯುಗಾದಿಗಿಂತ ಮೊದ್ಲ' ಎಂದ. ಅಂದು ಶ್ರಾವಣ ಮಾಸ. ದವಾಖಾನೆಗೆ ನಡೆ ಎಂದರೆ, 'ಹೋದ್ರ ಬಂದೂಕು ಕಸಗೊಂತಾರ, ಹುಚ್ಚ ಅಂತ ಬರೀತಾರ' ಎಂದು ಕೈಮುಗಿದ. ನಾಲ್ಕು ತಿಂಗಳು ನಿದ್ದೆಯಿಲ್ಲದ ಮನುಷ್ಯ ತುಂಬಿದ ಬಂದೂಕಿನೊಂದಿಗೆ ಪಹರೆ ಕಾಯ್ದ, ಆತನ ಕಡತ ಮಾತ್ರ ಸ್ವಚ್ಛವಾಗಿತ್ತು. ಭದ್ರತೆಗೆ ಅಪಾಯ ಯಾರಿಂದ, ಚಿಕಿತ್ಸೆ ಪಡೆದು ನೆಟ್ಟಗಾದ ಎಲೆಕ್ಟ್ರಿಷಿಯನ್‌ನಿಂದಲೋ ಅಥವಾ ಹೆದರಿ ಬಚ್ಚಿಟ್ಟ ಈ ಗೆಳೆಯನ ಸ್ಥಿತಿಯಿಂದಲೋ? ಈ ಪ್ರಶ್ನೆಯನ್ನು ತಾವು ನಿಮ್ಮ ಹಿರಿಯ ಅಧಿಕಾರಿಗಳ ಸಭೆಯಲ್ಲಿ ಇಡಬೇಕೆಂದು ನನ್ನ ಪ್ರಾರ್ಥನೆ.

ಕೇಂದ್ರದ ಹುದ್ದೆಗಳಿಗೆ ಮಾನದಂಡ ರೂಪಿಸುವುದು ರಾಜ್ಯದ ಕೈಯಲ್ಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಯಾವ ಸರ್ಕಾರದ ಹುದ್ದೆಯಾದರೂ ಓಣಿಗೆ ಹೋಗಿ ವರದಿ ಬರೆಯುವ ಕೈ ರಾಜ್ಯದ ಪೊಲೀಸರದು, ಆ ಕೈಗೆ ಸೂಚನೆ ಕೊಡುವವರು ತಾವು. ಆದ್ದರಿಂದ ನಾನು ಕೇಳುವುದು ತಮ್ಮ ಸಹಿಯಿಂದಲೇ ಆಗಬಹುದಾದ ಕೆಲಸ. ಪೂರ್ವಾಪರ ಪರಿಶೀಲನೆಗೆ ಹೋಗುವ ಸಿಬ್ಬಂದಿ ಅಭ್ಯರ್ಥಿಯ ಅಥವಾ ಆತನ ಕುಟುಂಬದವರ ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆ ನೆರೆಹೊರೆಯವರನ್ನು ವಿಚಾರಿಸಬಾರದು, ತಾನಾಗಿ ಕಿವಿಗೆ ಬಿದ್ದರೂ ವರದಿಯಲ್ಲಿ ಬರೆಯಬಾರದು ಎಂದು ಒಂದು ಸುತ್ತೋಲೆ ಎಲ್ಲ ಠಾಣೆಗಳಿಗೂ ಹೋಗಲಿ. ಯಾರಿಂದಲಾದರೂ ಈಗಲೇ ಜೀವಕ್ಕೆ ಅಪಾಯವಿದೆಯೆಂದು ಕಂಡುಬಂದರೆ ಅದಕ್ಕೆ 2017ರ ಅಧಿನಿಯಮದಲ್ಲೇ ಪೊಲೀಸರ ಕರ್ತವ್ಯವನ್ನು ಹೇಳಿದೆ: ವ್ಯಕ್ತಿಯನ್ನು ಆಸ್ಪತ್ರೆಗೆ ತಲುಪಿಸುವುದು. ನೌಕರಿಯ ಕಡತಕ್ಕೂ ಅದಕ್ಕೂ ಸಂಬಂಧ ಬೇಡ.

ಆರೋಗ್ಯದ ಪ್ರಶ್ನೆ ಮುಖ್ಯವೆನಿಸುವ ಹುದ್ದೆಗಳಿಗೆ ಅದನ್ನು ವೈದ್ಯಕೀಯ ಮಂಡಳಿಯೇ ನೋಡಲಿ, ಆ ಮಂಡಳಿಯಲ್ಲಿ ಮನೋವೈದ್ಯರೊಬ್ಬರು ಕಡ್ಡಾಯವಾಗಿ ಇರಲಿ. ಹಿಂದೆ ಏನಾಗಿತ್ತು ಎಂಬುದಕ್ಕಿಂತ, ಈ ಹುದ್ದೆಯ ಈ ಕೆಲಸವನ್ನು ಇಂದು ಮಾಡಬಲ್ಲರೇ ಎಂಬುದಕ್ಕೆ ಮಂಡಳಿ ಬರಹದಲ್ಲಿ ಉತ್ತರ ಕೊಡಲಿ. ಬೇಡವೆಂದಾದರೆ ಕಾರಣವನ್ನು ಅಭ್ಯರ್ಥಿಗೆ ತಿಳಿಸಿ, ತನ್ನ ವೈದ್ಯರ ಅಭಿಪ್ರಾಯವನ್ನು ತಂದು ತೋರಿಸುವ ಅವಕಾಶ ಕೊಡಲಿ. ಒಂದು ಸಾಲಿನ ಪತ್ರ ಹಿಡಿದು ಜೀವಮಾನವೆಲ್ಲ ಏಕೆಂದು ಯೋಚಿಸುವ ಸ್ಥಿತಿ ಯಾರಿಗೂ ಬಾರದಿರಲಿ. ರಾಜ್ಯದ ನೇಮಕಾತಿ ನಮೂನೆಗಳ ಮೇಲೆ, ಸಹಿ ಹಾಕುವ ಜಾಗದ ಪಕ್ಕದಲ್ಲೇ, ಮಾನಸಿಕ ಚಿಕಿತ್ಸೆ ಅಥವಾ ಸಮಾಲೋಚನೆ ಪಡೆದ ಕಾರಣ ಮಾತ್ರದಿಂದ ಯಾರನ್ನೂ ಅನರ್ಹಗೊಳಿಸುವುದಿಲ್ಲ ಎಂಬ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಖರ್ಚಿಲ್ಲದ ಕೆಲಸ. ಕೋಚಿಂಗ್ ಸೆಂಟರುಗಳ ಗೋಡೆಗಳಿಗೂ ಅದು ಅಂಟಲಿ.

ಪೊಲೀಸ್ ತರಬೇತಿ ಶಾಲೆಗಳಲ್ಲಿ ಈ ವಿಷಯಕ್ಕೆ ಒಂದು ತರಗತಿ ಮೀಸಲಿಟ್ಟರೆ, ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಶಾಲೆಗೆ ಕರೆದರೂ ನನ್ನ ಖರ್ಚಿನಲ್ಲಿ ಬಂದು, 2009ರಲ್ಲಿ ನಾನು ಬರೆದದ್ದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಲು ಸಿದ್ಧನಿದ್ದೇನೆ. ಆ ಹಳೆಯ ವರದಿಯ ಬಗ್ಗೆ ಯಾವುದೇ ಪ್ರಾಧಿಕಾರ ನನ್ನ ಹೇಳಿಕೆ ಕೇಳಿದರೆ ಅದನ್ನೂ ಕೊಡುತ್ತೇನೆ.

ನನ್ನ ತಂಗಿಯ ಮಗಳ ಕಾಗದ ದೀಪಾವಳಿಯೊಳಗೆ ನಮ್ಮ ಠಾಣೆಗೆ ಬರಬಹುದೆಂದು ತಿಳಿದಿದೆ. ಆಕೆಯ ಬಾಗಿಲಿಗೆ ಬರುವ ಕಾನ್ಸ್‌ಟೇಬಲ್ ಯಾರೆಂದು ಗೊತ್ತಿಲ್ಲ. ನನ್ನ ಕಾಲದ ನನ್ನಂತೆಯೇ ಶ್ರದ್ಧೆಯವರಾಗಿರಬಹುದು. ಅವರು ಹೊರಡುವ ಮುನ್ನ ತಮ್ಮ ಸುತ್ತೋಲೆ ಅವರ ಕೈ ಸೇರಲಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಹಾಯಕ ಸಬ್ ಇನ್ಸ್‌ಪೆಕ್ಟರ್,
ಬಳ್ಳಾರಿ